ಉಬ್ಬದ ಬ್ರೆಡ್ಡು

ನಮ್ಮಕ್ಕನ ಎಡಗೈಯಲ್ಲಿ ನಾಡಿ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಹೊಸ ನರ್ಸ್ ಯಾರೇ ಬರಲಿ, ಅಕ್ಕ ಮೊದಲು ಚಾಚುವುದು ಆ ಕೈಯನ್ನೇ. ಆ ಹುಡುಗಿ ಮಣಿಕಟ್ಟನ್ನು ಅಲ್ಲಿ ಒತ್ತಿ ಇಲ್ಲಿ ಒತ್ತಿ ಬೆವರುವಾಗ ಇವಳು ಕಣ್ಣು ಮುಚ್ಚಿಕೊಂಡು, "ಏನಮ್ಮ, ನಾನು ಹೋಗ್ಬಿಟ್ನಾ?" ಎನ್ನುತ್ತಾಳೆ. ಭಾವ ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ನಗು ತಡೆಯಲಾಗುವುದಿಲ್ಲ.

ಇದು ಹಳೆಯ ಕಾಯಿಲೆ. ರಕ್ತನಾಳಗಳ ಗೋಡೆಗೇ ಉರಿಯೂತ. ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡಿ ಎಡಗೈಗೆ ಹೋಗುವ ನಾಳ ಕಿರಿದಾಗಿದೆ, ರಕ್ತ ಸರಿಯಾಗಿ ಇಳಿಯುವುದಿಲ್ಲ. ಅಲ್ಲಿ ಬಿಪಿ ಅಳೆದರೆ ಯಾವಾಗಲೂ ಕಡಿಮೆಯೇ. ನಿಜ ಹೇಳುವುದು ಬಲಗೈ.

ನಮ್ಮದು ಬ್ರೆಡ್ಡಿನ ಬೇಕರಿ. ಅಕ್ಕ ಹಿಟ್ಟು ನಾದುತ್ತಾಳೆ, ನಾನು ಒಲೆ ನೋಡಿಕೊಳ್ಳುತ್ತೇನೆ, ಭಾವ ಗಲ್ಲಾದಲ್ಲಿ ಕೂರುತ್ತಾರೆ. ನಮ್ಮಲ್ಲಿ 'ಉಬ್ಬಿದೆ' ಎಂದರೆ ಹಿಟ್ಟು ಉಬ್ಬಿದೆ, ದಿನ ಚೆನ್ನಾಗಿ ಶುರುವಾಯಿತು ಎಂದರ್ಥ. 'ಉಬ್ಬಿಲ್ಲ' ಎಂದರೆ ಅಕ್ಕನ ಎದುರಿಗೆ ಯಾರೂ ಸುಳಿಯಬಾರದು. ಹೀಗಾಗಿ ಸ್ಕ್ಯಾನ್ ಆದ ದಿನ ಅಕ್ಕ ಫೋನ್ ಮಾಡಿ "ಉಬ್ಬಿದೆಯಂತೆ ಕಣೋ" ಎಂದಾಗ, ಒಲೆಯ ಮುಂದಿದ್ದ ನಾನು "ಭೇಷ್, ಒಳ್ಳೇದಾಯ್ತಲ್ಲ!" ಎಂದುಬಿಟ್ಟೆ.

"ಹಿಟ್ಟಲ್ಲ ಕಣೋ ಮಂಕೇ, ಹೊಟ್ಟೆ ಒಳಗಿನ ದೊಡ್ಡ ರಕ್ತನಾಳ," ಎಂದಳು.

ಉರಿಯೂತ ತಿಂದು ಸವೆಸಿದ ಜಾಗದಲ್ಲಿ ನಾಳ ಬಲೂನಿನಂತೆ ಹಿಗ್ಗಿತ್ತು. ಒಡೆದರೆ ಮುಗಿಯಿತು ಎಂದರು ಡಾಕ್ಟರಮ್ಮ. ಮಾತ್ರೆಯಿಂದ ಉರಿಯೂತ ತಣ್ಣಗಾಗಿಸಿ, ಬಿಪಿ ತಗ್ಗಿಸಿ, ಆಮೇಲೆ ಆಪರೇಷನ್. ಅಲ್ಲಿಯವರೆಗೆ ಹಿಟ್ಟು ನಾದಬಾರದು, ಮೂಟೆ ಎತ್ತಬಾರದು. ಬಿಪಿಯನ್ನು ದಿನವೂ ಮನೆಯಲ್ಲೇ ನೋಡಬೇಕು, ಅದೂ ಬಲಗೈಯಲ್ಲಿ. ಅಕ್ಕ ಒಳ್ಳೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಬಿಪಿ ನೋಡಿಕೊಂಡು ಬಂದು ಅಂಕಿ ಹೇಳುವವಳು ಅವಳೇ. ಅಂಕಿ ದಿನವೂ ಬಂಗಾರದಂತಿತ್ತು. ಭಾವ ಖುಷಿಯಿಂದ ಪಕ್ಕದ ಅಂಗಡಿಯವರಿಗೂ ಹೇಳಿಕೊಂಡು ಬಂದರು. "ನೋಡಿ, ನಾನು ಗಟ್ಟಿಮುಟ್ಟಾಗಿದ್ದೀನಿ. ಆಪರೇಷನ್ನೂ ಬೇಡ, ಗೀಪರೇಷನ್ನೂ ಬೇಡ," ಎನ್ನುತ್ತಾ ಅಕ್ಕ ಮತ್ತೆ ಹಿಟ್ಟಿಗೆ ಕೈಹಾಕಿದಳು. ಒಂದು ಬೆಳಿಗ್ಗೆ ಸಕ್ಕರೆ ಡಬ್ಬಿ ಹುಡುಕುತ್ತಾ ನಾನು ಕೋಣೆಗೆ ನುಗ್ಗಿದರೆ, ಬಿಪಿ ಪಟ್ಟಿಯನ್ನು ಎಡತೋಳಿಗೆ ಸುತ್ತಿಕೊಂಡು ಕೂತಿದ್ದಾಳೆ.

"ಅಕ್ಕ, ಯಾವ ಕೈ ಅದು?"

"ಯಾವ್ದಾದ್ರೇನು, ನಂದೇ ತಾನೇ?"

ಭಾವನನ್ನು ಕೂಗಿ ಕರೆದು, ಪಟ್ಟಿಯನ್ನು ಬಲತೋಳಿಗೆ ಸುತ್ತಿದೆ. ಯಂತ್ರ ತೋರಿಸಿದ ಅಂಕಿ ನೋಡಿ ಭಾವ ಆಟೋ ತರಲು ಓಡಿದರು. ಅವತ್ತೇ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿ ಬಿಪಿ ಇಳಿಯಿತು, ಉರಿಯೂತವೂ ಹತೋಟಿಗೆ ಬಂತು. ಇನ್ನು ತಡಮಾಡುವಂತಿಲ್ಲ ಎಂದರು ಡಾಕ್ಟರಮ್ಮ. ಅಕ್ಕ ಮಾತ್ರ ಸಹಿ ಹಾಕಲೊಲ್ಲಳು. ಗದರಿಸಿದೆವು, ಗೋಗರೆದೆವು. ಊಹೂಂ. ಭಾವ ಟೀ ತರಲು ಹೋದಾಗ ನನ್ನೆದುರು ಬಾಯಿಬಿಟ್ಟಳು.

"ಆಪರೇಷನ್ ಆದ್ಮೇಲೆ ತಿಂಗಳುಗಟ್ಟಲೆ ಹಿಟ್ಟು ಮುಟ್ಟೋ ಹಾಗಿಲ್ವಂತೆ. ಅಷ್ಟರಲ್ಲಿ ನೀವಿಬ್ರೂ ಚೆನ್ನಾಗಿ ಮಾಡೋಕೆ ಕಲ್ತುಬಿಟ್ರೆ? ಆಮೇಲೆ ನಾನು ಯಾರಿಗೆ ಬೇಕು?"

ಬೈಯಲು ಬಾಯಿ ತೆರೆದವನು ಅವಳ ಹೊದಿಕೆ ಸರಿಮಾಡತೊಡಗಿದೆ. ಏಕೆಂದರೆ ನಾವು ಆಗಲೇ ಕಲಿತುಬಿಟ್ಟಿದ್ದೆವು. ಅವಳು ಆಸ್ಪತ್ರೆ ಸೇರಿದ ಮೇಲೆ ಭಾವ ತೋಳು ಮಡಚಿ ನಾದಲು ನಿಂತಿದ್ದರು. ಬ್ರೆಡ್ಡು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಹಾಳಾದ ಗಿರಾಕಿಗಳು ಮೊದಲಿಗಿಂತ ಮೃದುವಾಗಿದೆ ಅಂತ ಬೇರೆ ಹೊಗಳುತ್ತಿದ್ದರು! ಈ ಸುದ್ದಿ ಅಕ್ಕನ ಕಿವಿಗೆ ಬಿದ್ದರೆ ಯಾವ ಕೈಯಲ್ಲಿ ಅಳೆದರೂ ಬಿಪಿ ಏರುತ್ತಿತ್ತು.

ಮರುದಿನ ನಾವಿಬ್ಬರೂ ಸೇರಿ ಒಂದು ಕೆಟ್ಟ ಬ್ರೆಡ್ಡು ಮಾಡಲು ನಿಂತೆವು. ಕೈ ಪಳಗಿದ ಮೇಲೆ ಕೆಡಿಸುವುದೂ ಸುಲಭವಲ್ಲ. ಮೊದಲನೆಯದು ಏನು ಮಾಡಿದರೂ ಕೆಡಲೇ ಇಲ್ಲ. ಎರಡನೆಯದಕ್ಕೆ ಯೀಸ್ಟನ್ನೇ ಹಾಕಲಿಲ್ಲ. ಇಟ್ಟಿಗೆ ನಾಚಬೇಕು, ಅಂಥದ್ದು ಹೊರಬಂತು. ಬಟ್ಟೆಯಲ್ಲಿ ಸುತ್ತಿ, ಮುಖ ಸಪ್ಪಗೆ ಮಾಡಿಕೊಂಡು ಆಸ್ಪತ್ರೆಗೆ ಒಯ್ದೆವು.

ಅಕ್ಕ ಅದನ್ನು ಮಂಚದ ಕಂಬಿಗೆ ಬಡಿದಳು. ಠಣ್ ಎಂದಿತು.

"ನೋಡೇ, ನೀನಿಲ್ದೆ ನಮ್ಮ ಗತಿ ಹಿಂಗಾಗಿದೆ," ಎಂದು ಭಾವ ಒಣಗಿದ ಕಣ್ಣನ್ನೇ ಒರೆಸಿಕೊಂಡರು.

ಅಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ನಮ್ಮಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ನರ್ಸನ್ನು ಕರೆದು, "ಸಹಿ ಎಲ್ಲಿ ಹಾಕ್ಬೇಕಮ್ಮ?" ಎಂದಳು. ಭಾವ ನನ್ನನ್ನು ಮೆಲ್ಲಗೆ ತಿವಿದರು. ಗೆದ್ದೆವೆಂದು ಇಬ್ಬರೂ ಒಳಗೊಳಗೇ ಬೀಗಿದೆವು.

ಆಪರೇಷನ್ ದಿನ ಸ್ಟ್ರೆಚರ್ ಮೇಲೆ ಅವಳನ್ನು ಕರೆದೊಯ್ದರು. ಆ ಉಬ್ಬು ಇನ್ನೊಂದಿಷ್ಟು ಹೊತ್ತು ತಾಳಲಿ ಎಂದು ಬೇಡಿಕೊಳ್ಳುತ್ತಾ ಪಕ್ಕದಲ್ಲೇ ನಡೆದೆ. ಬಾಗಿಲ ಬಳಿ ಅಕ್ಕ ಸನ್ನೆ ಮಾಡಿ ಹತ್ತಿರ ಕರೆದಳು.

"ಉಪ್ಪು ಹದವಾಗಿತ್ತು, ನಾದಿದ್ದೂ ಚೆನ್ನಾಗಿತ್ತು. ಅಷ್ಟೆಲ್ಲ ಬಲ್ಲವ್ರು ಯೀಸ್ಟ್ ಮರೀತಾರೇನೋ, ಕಳ್ಳರಾ?"

"ಗೊತ್ತಿದ್ದೂ ಸಹಿ ಹಾಕಿದ್ಯಾ?" ಎಂದೆ.

"ನಾನು ಬೇಡವಾಗಿದ್ರೆ ಅಷ್ಟು ಒಳ್ಳೇ ಹಿಟ್ಟನ್ನ ಯಾರು ಹಾಳು ಮಾಡ್ತಿದ್ರು?"

ನನಗೆ ಅಳು ತಡೆಯಲಾಗಲಿಲ್ಲ. ನರ್ಸ್ ಬಾಗಿಲು ತೆರೆದಳು. ಒಳಗೆ ಹೋಗುತ್ತಲೇ ಅಕ್ಕ ಕೂಗಿ ಹೇಳಿದಳು:

"ಈ ಸಲ ಸರಿಯಾಗಿರೋದನ್ನ ತಗೊಂಡ್ ಬಾರೋ. ಎದ್ದ ಮೇಲೆ ನಂಗೆ ಹಸಿವಾಗಿರುತ್ತೆ."