ಗುರಮ್ಮ ಕೂತ ಜಾಗ

ಅತ್ತೆಯ ಕುತ್ತಿಗೆ ಮತ್ತೆ ಎಡಕ್ಕೆ ವಾಲಿತು. ಪ್ರಾಜಕ್ತಾ ಅವಳ ತಲೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಗೋಡೆಯ ಮೊಳೆಗೆ ಬಿಗಿದು, ಗುರಮ್ಮನನ್ನು ನೆಟ್ಟಗೆ ಕೂರಿಸಿದಳು. ಹಣೆಗೆ ವಿಭೂತಿ ಬಳಿದಾಗಿತ್ತು. ಅಂಗಳದಲ್ಲಿ ಅವಳನ್ನು ಕೂರಿಸಿ ಮಣ್ಣಿಗೆ ಒಯ್ಯುವ ವಿಮಾನಕ್ಕೆ ಬಾಳೆಗಿಡ ಕಟ್ಟುತ್ತಿದ್ದರು.

ನೆರೆಮನೆಯ ಚಂದ್ರಭಾಗಾ ಒಳಗೆ ಬಂದಳು. "ನಾವೆಲ್ಲಾ ಇಲ್ಲಿ ಅಳಕೋತ ಕುಂತೀವಿ. ಅಲ್ಲಿ ಟಾಕಿ ಮುಂದ ಒಂದ ನಾಯಿನೂ ಇಲ್ಲ. ಠೇಕೇದಾರನ ಮಂದಿ ಕೀಲಿ ಹಾಕಾಕ ಹೊಂಟಾರಂತ."

ಪಂಚಾಯಿತಿಯ ನೀರಿನ ಟಾಕಿಯನ್ನು ಗುತ್ತಿಗೆದಾರನಿಗೆ ಒಪ್ಪಿಸುವ ಠರಾವಾದಾಗಿನಿಂದ ಊರ ಹೆಂಗಸರು ಅದರ ಗೇಟಿಗೆ ಅಡ್ಡ ಕೂತಿದ್ದರು. ನಿನ್ನೆ ಸಂಜೆ ಗುರಮ್ಮ ಅಲ್ಲಿಂದ ಬಂದವಳು ಚಹಾ ಕೇಳಿ, ಅದು ಕುದಿಯುವ ಮೊದಲೇ ಹೋಗಿಬಿಟ್ಟಿದ್ದಳು.

*

ಗುರಮ್ಮ ಘೋಷಣೆ ಕೂಗಿದವಳಲ್ಲ. ಮೊರ ತಂದು, ಗೇಟಿಗೆ ಬೆನ್ನು ಹಚ್ಚಿ, ಜೋಳ ಹಸನು ಮಾಡುತ್ತಿದ್ದಳು. ಪ್ರಾಜಕ್ತಾ ಊಟದ ಡಬ್ಬಿ ಕೊಟ್ಟು, ಯಾರಾದರೂ ಫೋಟೊ ತೆಗೆದಾರೆಂದು ದೂರವೇ ನಿಲ್ಲುತ್ತಿದ್ದಳು.

"ನಮ್ಮನ್ಯಾಗ ಬಾವಿ ಅದ, ಬೋರ್ ಅದ. ನಿಮಗ್ಯಾಕ ಇದೆಲ್ಲಾ, ಅತ್ತೀ?"

"ನಮಗದ. ಚಂದ್ರಭಾಗಾನ ಮನಿಗಿ ಅದ ಏನು? ಈ ಜಾಗಾ ನಿಮ್ಮ ಮಾವ ಊರಿಗಿ ಕೊಟ್ಟದ್ದು. ಠೇಕೇದಾರಗಲ್ಲ."

"ಪೊಲೀಸರು ಬಂದ್ರ?"

"ಬರಲಿ. ಅವರಿಗೂ ನೀರಡಿಕಿ ಆಗ್ತದಲ್ಲ."

*

ವಿಮಾನದ ಮುಂದಿನ ಕೋಲು ಮಗ ಯೋಗಿರಾಜನ ಹೆಗಲ ಮೇಲಿತ್ತು. ಕೂಡುರಸ್ತೆಯಲ್ಲಿ ಹಿರಿಯ ಚನ್ನವೀರಪ್ಪ ಹೊಲದ ದಾರಿಗೆ ಕೈ ತೋರಿಸಿದ. "ಎಡಕ್ಕ ಹೊಳ್ರಿ."

ಬಲಕ್ಕೆ, ಟಾಕಿಯ ಗೇಟಿನೆದುರು ಒಂದು ಟೆಂಪೊ ನಿಂತಿತ್ತು. ಹಿಂದಿನಿಂದ ಪ್ರಾಜಕ್ತಾ ಅಂದಳು, "ಬಲಕ್ಕ."

ಭಜನೆಯ ತಾಳ ನಿಂತಿತು.

"ಏನ್ ಹಚ್ಚೀದಿ ಇದು, ತಂಗಿ? ಮಣ್ಣಿಗಿ ಹೊತ್ತಾಗ್ತದ."

"ಅತ್ತಿಗೇನ ಗಡಬಡಿ ಇಲ್ರಿ, ಕಾಕಾ."

ಯೋಗಿರಾಜ ಹೆಂಡತಿಯ ಮುಖ ನೋಡಿದ. ಆಮೇಲೆ ಬಲಕ್ಕೆ ತಿರುಗಿದ.

ಟೆಂಪೊದಿಂದ ಇಳಿದವನ ಕೈಯಲ್ಲಿ ಹೊಸ ಬೀಗವಿತ್ತು. ಅವನಿಗೂ ಗೇಟಿಗೂ ನಡುವೆ, ಜೋಳದ ಹೊಟ್ಟು ಇನ್ನೂ ಬಿದ್ದಿದ್ದ ಜಾಗದಲ್ಲೇ, ವಿಮಾನ ಇಳಿಯಿತು.

"ಇದನ್ನ ಸರಸ್ರಿ. ಪೊಲೀಸರಿಗಿ ಫೋನ್ ಮಾಡಬೇಕಾಗ್ತದ."

"ಮಾಡ್ರಿ," ಎಂದಳು ಪ್ರಾಜಕ್ತಾ. "ಬಂದು, ಏಳ್ ಬೇ ಮುದುಕಿ ಅಂತ ಅವರೇ ಎಬಸಲಿ."

ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಚಂದ್ರಭಾಗಾ ಸೆರಗು ಸಿಕ್ಕಿಸಿ ಕೂತಳು; ಅವಳ ಹಿಂದೆ ಉಳಿದವರೂ ಕೂತರು. ಬೀಗ ಹಿಡಿದವನು ಫೋನ್ ಎತ್ತಿ ಫೋಟೊ ತೆಗೆಯತೊಡಗಿದ.

ಇಳಿಸಿದ ರಭಸಕ್ಕೆ ಕಟ್ಟು ಸಡಿಲಿ ಗುರಮ್ಮನ ಕುತ್ತಿಗೆ ಎಡಕ್ಕೆ ವಾಲಿತು. ಪ್ರಾಜಕ್ತಾ ಈ ಸಲ ಬಟ್ಟೆ ಬಿಗಿಯಲಿಲ್ಲ. ಪಕ್ಕಕ್ಕೆ ಒತ್ತಿ ಕೂತು, ಆ ತಲೆಗೆ ತನ್ನ ಹೆಗಲು ಕೊಟ್ಟು, ನೆಟ್ಟಗೆ ಕ್ಯಾಮೆರಾ ನೋಡಿದಳು.