ಕಣಜ ದಾಟಿದ ಮೇಲೆ ನಗುವಂತಿಲ್ಲ

ನಮ್ಮ ಬಸ್ಸಿಗೆ ಒಂದೇ ಕಾನೂನು. ರೈಲು ಹಳಿ ಪಕ್ಕದ ಗೋಧಿ ಕಣಜ ಕಂಡೊಡನೆ ಆಸ್ಪತ್ರೆಗೆ ಹೊರಟ ಇಬ್ಬರು ರೋಗಿಗಳೂ ಬಾಟಲಿ ನೀರು ಗಟಗಟ ಕುಡಿಯಬೇಕು. ಆಮೇಲೆ ಯಾರೂ ಯಾರನ್ನೂ ನಗಿಸಕೂಡದು. ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಮೂತ್ರಚೀಲ ತುಂಬಿರಬೇಕು, ಇಲ್ಲದಿದ್ದರೆ ಮಿಷನ್ ಶುರು ಮಾಡುವುದಿಲ್ಲ. ಕಣಜದ ಹತ್ತಿರ ಕುಡಿದರೆ ಆಸ್ಪತ್ರೆ ಬಾಗಿಲಿಗೆ ಸರಿಯಾಗಿ ತುಂಬುತ್ತದೆ. ಈ ಲೆಕ್ಕ ಕಂಡುಹಿಡಿದದ್ದು ಡ್ರೈವರಮ್ಮ, ಅಂದರೆ ನಾನು, ಲೋರ್ನಾ.

"ಮಿಷನ್ ಕಂಪನೀದು, ಬಿಲ್ಲು ಸರ್ಕಾರದ್ದು, ಬಸ್ಸು ಊರೋರ ಚಂದಾದ್ದು, ಉಚ್ಚೆ ಮಾತ್ರ ನಮ್ದು" ಅಂತ ಮಾಂಸದಂಗಡಿ ನೆವ್ ದಿನಾ ಹೇಳುತ್ತಾನೆ. ಕಣಜಕ್ಕೆ ಮುಂಚೆ.

ಹಿಂದಿನ ಸೀಟಿನಲ್ಲಿ ಮುಖ ಗಂಟು ಹಾಕಿಕೊಂಡು ಕೂರುವವನು ನನ್ನ ಗಂಡ ಮರ್ವ್. ನನ್ನ ತಮ್ಮ ರಾಸ್‌ಗೂ ಇದೇ ಕಾಯಿಲೆ ಬಂದಿತ್ತು. ಆಗ ಮಿಷನ್ ಇದ್ದದ್ದು ಸಿಡ್ನಿಯಲ್ಲಿ. ಕುರಿ ಬಿಟ್ಟು ಎರಡು ತಿಂಗಳು ಅಲ್ಲಿ ಯಾರು ಕೂರ್ತಾರೆ ಅಂದ, ಹೋಗಲೇ ಇಲ್ಲ, ಸತ್ತ. ಆ ಸಿಟ್ಟು ನನಗಿನ್ನೂ ಆರಿಲ್ಲ. ಈಗ ಮಿಷನ್ ಪಕ್ಕದ ಪಟ್ಟಣಕ್ಕೇ ಬಂದಿದ್ದರೂ ಮರ್ವ್‌ನದು ಒಂದೇ ರಾಗ: "ಒಂದು ದಿನ ವಾಪಸ್ ಕಳಿಸ್ಲಿ, ಮತ್ತೆ ಅಲ್ಲಿ ಕಾಲಿಡಲ್ಲ ನೋಡು." ಹೇಳಿದರೆ ಮಾಡುವವನೇ, ಹಠದಲ್ಲಿ ರಾಸ್‌ಗೆ ಅಣ್ಣ.

ಮೊನ್ನೆ ಕಣಜ ದಾಟಿ, ನೀರು ಕುಡಿದು, ಎಲ್ಲರೂ ಗಂಭೀರವಾಗಿದ್ದಾಗ ರಸ್ತೆ ತುಂಬ ಕುರಿಮಂದೆ. ಅಟ್ಟುವವನು ಕುದುರೆ ಮೇಲಿಂದ ಆರಾಮಾಗಿ ಟೋಪಿ ಎತ್ತಿದ. ಅವನಿಗೆ ನಾಲ್ಕು ಮಾತು ಬೈಯೋಣವೆಂದು ಬಾಗಿಲು ತೆರೆದೆ. ಒಂದು ದಪ್ಪ ಕುರಿ ಟಕಟಕ ಮೆಟ್ಟಿಲು ಹತ್ತಿ, ನೇರ ಹಿಂದಕ್ಕೆ ನಡೆದು, ಮರ್ವ್ ಮುಂದೆ ನಿಂತು ಅವನ ಮುಖವನ್ನೇ ದಿಟ್ಟಿಸಿತು.

"ಲೋ ಮರ್ವ್, ನಾದಿನಿ ಬಂದಿದಾಳೆ, ಜಾಗ ಬಿಡೋ!" ನೆವ್‌ಗೆ ತಡೆಯಲಾಗಲಿಲ್ಲ.

"ಬಾಯ್ಮುಚ್ಚೋ! ಕಣಜ ದಾಟಾಯ್ತು!" ಅಂತ ಕಿರುಚಿದೆ.

ಕುರಿ ಬ್ಯಾ ಅಂದಿತು. ಮದುವೆ ದಿನವೂ ಹಲ್ಲು ಬಿಡದ ನನ್ನ ಗಂಡ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕ. ಕುರಿಯನ್ನು ತಳ್ಳಿಕೊಂಡೇ ಇಳಿದು ಮರದ ಹಿಂದಕ್ಕೆ ಓಡಿದ. ನೆವ್ ಮಾತ್ರ ಮುಂದಿನ ಸೀಟಿನ ಕಂಬಿ ಕಚ್ಚಿಕೊಂಡು ಹೇಗೋ ಉಳಿದ.

ವಾಪಸ್ ಬಂದ ಮರ್ವ್ ಮುಖದಲ್ಲಿ ನಗುವಿರಲಿಲ್ಲ. "ಮುಗೀತಲ್ಲ. ಬಸ್ ತಿರುಗ್ಸು."

"ತಿರುಗ್ಸಲ್ಲ, ಏನ್ ಮಾಡ್ಕೋತೀಯೋ ಮಾಡ್ಕೋ." ಕುರಿಗಳು ಸರಿದೊಡನೆ ಆಸ್ಪತ್ರೆ ಕಡೆಗೇ ಬಸ್ ಬಿಟ್ಟೆ. ನನಗೆ ತುಂಬ ಭಯವಾಗಿತ್ತು.

ಆಸ್ಪತ್ರೆಯಲ್ಲಿ ಮಿಷನ್ ನಡೆಸುವ, ನಮ್ಮೂರಿನದೇ ಹುಡುಗಿ ಟೆಸ್ ಎಲ್ಲ ಕೇಳಿಸಿಕೊಂಡಳು. "ಖಾಲೀನಾ? ನಲ್ಲಿ ಅಲ್ಲಿದೆ, ಕುಡೀರಿ. ನಿಮ್ಮನ್ನ ಕೊನೇಲಿ ತಗೋತೀನಿ."

"ವಾಪಸ್ ಕಳಿಸಲ್ವಾ?" ಮರ್ವ್ ದನಿಯಲ್ಲಿ ಒಂಚೂರು ನಿರಾಸೆ.

"ಕಳಿಸಿದ್ರೆ ಸಂಜೆ ಕ್ಲಬ್ಬಲ್ಲಿ ಲೋರ್ನಾ ನನ್ನ ಸುಮ್ನೆ ಬಿಡ್ತಾರಾ? ನಾನೂ ಅದೇ ಊರಲ್ಲಿ ಬದುಕ್ಬೇಕಲ್ಲ!"

ಮರ್ವ್ ಕುಡಿದ. ಚಿಕಿತ್ಸೆ ಮುಗಿಸಿಕೊಂಡು ಬಂದ ನೆವ್ ಅವನ ಪಕ್ಕದಲ್ಲೇ ಕೂತ, ಗೋಡೆಗೆ ಮುಖ ಮಾಡಿ. ಎದುರಾಬದುರಾದರೆ ಕುರಿ ನೆನಪಾಗಿ ಮತ್ತೆ ಅನಾಹುತ ಆದೀತೆಂದು.

ಕೊನೆಗೆ ಮರ್ವ್ ಮಂಡಿ ಕೂಡಿಸಿಕೊಂಡು ಒಳಗೆ ಹೋದ. "ಮರ್ವ್, ನಗಬೇಡಿ, ಅಲುಗಾಡ್ತಿದೀರ!" ಅಂತ ಟೆಸ್ ಮೈಕಿನಲ್ಲಿ ಗದರುವುದು ನನಗೂ ಕೇಳಿಸಿತು.

ಹೊರಗೆ ಬಂದವನು ಬೆಲ್ಟ್ ಸರಿಮಾಡಿಕೊಳ್ಳುತ್ತಾ ಅಂದ: "ನಾಳೆ ಕುರಿ ಅಡ್ಡ ಬಂದ್ರೆ ಬಾಗ್ಲು ತೆಗೀಬೇಡ ಕಣೆ."

ನಾಳೆ ಅಂದ. ನಾನು ಬಸ್ಸಿನ ಹಿಂದೆ ಹೋಗಿ ರಾಸ್‌ಗೊಂದು ಬೈಗುಳ ಬೈದು, ಕಣ್ಣೊರೆಸಿಕೊಂಡು ಬಂದು ಗಾಡಿ ಹೊರಡಿಸಿದೆ. ವಾಪಸ್ ದಾರಿಗೆ ಕಾನೂನಿಲ್ಲ. ಮನೆ ಮುಟ್ಟುವತನಕ ಮೂವರೂ ಬ್ಯಾ ಬ್ಯಾ ಅನ್ನುತ್ತಲೇ ಬಂದೆವು.