ಟ್ರೇಯೊಳಗಿನ ಕರಡಿಗೆ

ಸೋಮವಾರ ಮಧ್ಯಾಹ್ನ ಹನ್ನೆರಡೂವರೆ. ಹಂಪಮ್ಮನ ತಾಟು ಇವತ್ತೂ ಬೋರಲಾಗಿಯೇ ಇತ್ತು. ಅಡುಗೆಮನೆಯ ಬಾಗಿಲಿನಿಂದ ತ್ರಿವೇಣಿಯ ಕಣ್ಣಿಗೆ ಬಿದ್ದದ್ದು ಅದೊಂದೇ, ಪಡಸಾಲೆಯಲ್ಲಿ ಸಾಲಾಗಿ ಇಟ್ಟ ತಾಟುಗಳಲ್ಲಿ ಅತ್ತೆಯದು ಮಾತ್ರ ನೆಲಕ್ಕೆ ಮುಖ ಕೊಟ್ಟು ಕುಂತಿದೆ, ಅದರ ಬೆನ್ನ ಮೇಲೆ ಕಿಟಕಿಯ ಬಿಸಿಲು, ಬಿಸಿಲಿನಲ್ಲಿ ಕೆಂಪು ಧೂಳು — ಬೆಳಿಗ್ಗೆ ತಾನೇ ಒರೆಸಿದ್ದು, ಅದಿರು ಲಾರಿ ಓಡಾಡುವ ತನಕ ಈ ಹೊಸಪೇಟೆಯಲ್ಲಿ ಒರೆಸಿದ್ದು ಒರೆಸಿದ ಹಾಗೆ ಉಳಿಯುವುದಿಲ್ಲ — ತಿಂಗಳಾಗುತ್ತ ಬಂತು, ಅತ್ತೆ ಅನ್ನ ಮುಟ್ಟಿಲ್ಲ, ರೊಟ್ಟಿ ಮುಟ್ಟಿಲ್ಲ, ಹಾಲು ಮತ್ತು ಬಾಳೆಹಣ್ಣಿನಲ್ಲಿ ಜೀವ ಹಿಡಿದಿದ್ದಾಳೆ, ಕೈಬಳೆ ಮೊಣಕೈವರೆಗೆ ಜಾರುತ್ತದೆ, ಡಾಕ್ಟರು ಬಂದು ನೋಡಿ ಹಿಂಗಾದ್ರ ಭಾಳ ಕಷ್ಟರೀ ಅಂದು ಹೋದರು. ಅದಕ್ಕೇ ಇವತ್ತು ಮನೆತನದ ಅಯ್ಯನವರಾದ ಕೊಟ್ರಯ್ಯನವರನ್ನು ಪಾದಪೂಜೆಗೆ ಕರೆಸಿದ್ದು, ಅವರು ಹೇಳಿದರೆ ಉಣ್ಣುತ್ತಾಳೆಂದು; ಒಲೆಯ ಮೇಲೆ ಗೋಧಿ ಹುಗ್ಗಿ ಲೊಚಲೊಚ ಅನ್ನುತ್ತಿದೆ, ಬೆಲ್ಲದ ವಾಸನೆ, ಮತ್ತು ಪಡಸಾಲೆಯಲ್ಲಿ ಅವಳ ಗಂಡ ಶಂಭುಲಿಂಗ ಕಥೆ ಶುರುಮಾಡಿದ್ದಾನೆ. ಅಯ್ಯನೋರೇ, ಏನ್ ಕೇಳ್ತೀರಿ ಆ ಹಾಂಗ್‌ಕಾಂಗ್ ಏರ್‌ಪೋರ್ಟಿನ ಫಜೀತಿ. ಮತ್ತೆ ಅದೇ. ತ್ರಿವೇಣಿ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು, ಬೇಕಂತಲೇ ಬಡಿದಳು.

ಕೆಲಸಾನೂ ಆಗ್ತತಿ, ಫ್ಯಾಮಿಲಿ ಟೂರೂ ಆಗ್ತತಿ ಅಂದಿದ್ದ. ಎಂಥ ಟೂರು, ಯಾರ ಟೂರು? ಸಂಡೂರಿನ ಗುಡ್ಡ ಕಡಿದ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತದೆ, ಅದನ್ನು ಕೊಳ್ಳುವವರು ತಿಯಾಂಜಿನ್‌ನಲ್ಲಿದ್ದಾರೆ, ಅವ್ರಿಗೆ ಮನಿ ಮಂದಿ ಕಂಡ್ರ ನಂಬಿಕಿ ನೋಡು, ಅವ್ವ ಇಳಕಲ್ ಸೀರಿ ಉಟ್ಕೊಂಡು ಬಾಜೂಕ ಕುಂತ್ರ ಸಾಕು. ಸಾಕಾಯಿತು. ಅವನು ಹಗಲೆಲ್ಲ ಬಂದರಿನಲ್ಲಿ, ಅವಳು, ಮಗಳು ಸ್ಫೂರ್ತಿ, ಅತ್ತೆ ಹೋಟೆಲಿನ ಹದಿನೇಳನೇ ಮಹಡಿಯಲ್ಲಿ, ಕಿಟಕಿ ತೆರೆಯಲು ಬರುವುದಿಲ್ಲ, ಟಿವಿಯಲ್ಲಿ ಒಂದು ಅಕ್ಷರ ತಿಳಿಯುವುದಿಲ್ಲ, ಹೊಸಪೇಟೆಯಿಂದ ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮೂರು ಹೊತ್ತೂ. ರಾತ್ರಿ ಊಟಕ್ಕೆ ಮಾತ್ರ ಕರೆದೊಯ್ದ, ಗರಗರ ತಿರುಗುವ ದುಂಡು ಮೇಜು, ಅದರ ಮೇಲೆ ತಲೆ ಸಮೇತ ಇಡೀ ಮೀನು, ಮೀನು ಎದುರಿಗೆ ಬಂದಾಗಲೆಲ್ಲ ಅತ್ತೆ ಕಣ್ಣು ಮುಚ್ಚುತ್ತಿದ್ದಳು, ದಾಟಿ ಹೋದ ಮೇಲೆ ತೆರೆಯುತ್ತಿದ್ದಳು, ಕೊಳ್ಳುವವನು ಆಕೆಯ ಕಡೆ ತಿರುಗಿ ತಲೆಬಾಗಿದ, ಫೋಟೊ ತೆಗೆದರು. ಅವ್ವ ಭಾಳ ಎಂಜಾಯ್ ಮಾಡಿದ್ಲು. ಇದು ಅವನು ಊರಿಗೆಲ್ಲ ಹೇಳಿದ್ದು. ಚೀನಾದ ಮಹಾಗೋಡೆಯನ್ನೂ ನೋಡಿದರು, ಸುಳ್ಳೇಕೆ ಹೇಳಬೇಕು, ವಾಪಸು ಬರುವ ಮುಂಚಿನ ದಿನ ಅರ್ಧ ತಾಸು, ಅತ್ತೆ ಎರಡು ಮೆಟ್ಟಿಲು ಹತ್ತಿ, ಹಂಪಿಯೊಳಗೂ ಕಲ್ಲು ಅದಾವಲ್ಲ ಬಿಡು, ಅಂತ ಇಳಿದುಬಿಟ್ಟಳು. ಹೊಸಪೇಟೆ ಮುಟ್ಟಿದರೆ ಸರ್ಕಲ್ಲಿನಲ್ಲಿ ಫ್ಲೆಕ್ಸು! ಚೀನಾ ಪ್ರವಾಸ ಯಶಸ್ವಿಯಾಗಿ ಪೂರೈಸಿದ ಶಂಭುಲಿಂಗರವರಿಗೆ ಹಾರ್ದಿಕ ಸ್ವಾಗತ, ಲಾರಿ ಮಾಲೀಕ ನಾಗಭೂಷಣ ಹಾಕಿಸಿದ್ದು, ಗೋಡೆಯ ಮುಂದೆ ಮಗನ ಪಕ್ಕ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಅತ್ತೆ, ಆಳೆತ್ತರ, ಅದರ ಮೇಲೂ ಈಗ ಕೆಂಪು ಧೂಳು. ಮುಂದಿನ ತಿಂಗಳು ಮತ್ತೆ ಟಿಕೆಟ್ ಆಗಿದೆ. ಅವ್ವನ್ನ ಕರಕೊಂಡ್ ಬರ್ರಿ ಅಂದಾರ ಅವರು, ಆಕಿ ಸ್ವಲ್ಪ ಉಂಡು ಗಟ್ಟಿ ಆಗ್ಲಿ. ಅಯ್ಯನವರನ್ನು ಕರೆಸಿದ ಅವಸರ ಇದು. ತಾಯಿ ಬದುಕಲಿ ಅಂತಲ್ಲ, ವಿಮಾನ ಹತ್ತಲಿ ಅಂತ!

ಪಡಸಾಲೆಯಲ್ಲಿ ದನಿ ಏರಿತು. ಇಬ್ರು ಪೊಲೀಸ್ರು ಬಂದ್ರು ನೋಡ್ರಿ. ಇಬ್ಬರು. ಮೊದಲ ಸಲ ಹೇಳಿದಾಗ ಒಬ್ಬನಿದ್ದ, ಕಂಪ್ಲಿಯಲ್ಲಿ ಅವಳ ತವರಿನ ಮದುವೆಯಲ್ಲಿ ಇಬ್ಬರಾದರು, ಸಂಡೂರಿನ ಲಾರಿ ಮಾಲೀಕರ ಸಭೆಯಲ್ಲಿ ಇವನು ಅವರ ಕೊರಳಪಟ್ಟಿ ಹಿಡಿದು ಜಗಳಾಡಿದ, ಮಂದಿ ಚಪ್ಪಾಳೆ ತಟ್ಟಿದರು. ಕಂಪ್ಲಿಯ ಅಕ್ಕಿ ಗಿರಣಿಯ ಕಟ್ಟೆಯಲ್ಲಿ ಕುಂತು ಪೇಪರು ಓದುತ್ತಿದ್ದ ಅವಳ ಅಪ್ಪ ಪೆನ್ಸಿಲಿನಿಂದ ತಪ್ಪಿಗೆ ಗೆರೆ ಎಳೆಯುತ್ತಿದ್ದ, ಚಿಕ್ಕವಳಿದ್ದಾಗ ಶಾಲೆಯಿಂದ ಓಡಿಬಂದು ಏನೋ ಹೇಳಹೋದರೆ ತಡೆಯುತ್ತಿದ್ದ, ತಡಿಯವ್ವ, ಆಗಿದ್ದೇನು, ಮಾಡಿದಾರು ಯಾರು, ಯಾವಾಗ, ಅಷ್ಟು ಹೇಳು, ಉಪ್ಪುಖಾರ ಆಮ್ಯಾಲ ಹಚ್ಚಂತಿ. ಆಗಿದ್ದು ಇಷ್ಟು. ಹೋಗುವಾಗ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸುವ ಮುಂಚೆ ತಪಾಸಣೆ. ಒಬ್ಬಳು ಹೆಣ್ಣುಮಗಳು, ಕೂದಲು ಬಿಗಿದು ಕಟ್ಟಿದ್ದಳು, ಅತ್ತೆಯ ಎದೆಯ ಮೇಲೆ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ಕಣ್ಣಲ್ಲೇ ತೋರಿಸಿ ಏನಿದು ಅಂತ ಇಂಗ್ಲಿಷಿನಲ್ಲಿ ಕೇಳಿದಳು. ತ್ರಿವೇಣಿ ಗಾಡ್ ಅಂದಳು, ಇನ್ನೇನು ಅನ್ನಬೇಕು, ಅದರೊಳಗೆ ಇಷ್ಟಲಿಂಗ ಇದೆ, ದೀಕ್ಷೆ ಆದಾಗಿನಿಂದ ಮೈಯಿಂದ ಬೇರೆ ಆಗಿಲ್ಲ, ಹೆರಿಗೆಯಲ್ಲೂ ಇಲ್ಲ, ಗಂಡ ಸತ್ತಾಗಲೂ ಇಲ್ಲ, ಅಂತೆಲ್ಲ ಆ ಭಾಷೆಯಲ್ಲಿ ಹೇಳುವುದು ಹೇಗೆ — ಆಕೆ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡಳು. ಪಕ್ಕದ ಕೋಣೆ ತೋರಿಸಿ, ಅಲ್ಲಿ ಹೆಂಗಸರೇ ನೋಡುತ್ತಾರೆ, ಸ್ವಲ್ಪ ನಿಲ್ಲಿ ಅಂದಳು. ವಿಮಾನಕ್ಕೆ ಇನ್ನೂ ಹೊತ್ತಿತ್ತು. ಹಿಂದೆ ಸಾಲಿನಲ್ಲಿ ಕೋಟು ತೊಟ್ಟ ಒಬ್ಬ ಗಡಿಯಾರ ನೋಡಿಕೊಂಡ, ಅಷ್ಟೇ, ಅಷ್ಟಕ್ಕೇ ಇವನಿಗೆ ಮೈ ಉರಿಯಿತು. ಮಂದಿ ನೋಡಾಕತ್ಯಾರ, ಮರ್ಯಾದಿ ಹೋಗ್ತತಿ, ತಗೀ ಅವ್ವ, ಜಲ್ದಿ. ಬ್ಯಾಡೋ ಶಂಭು. ತಗೀ ಅಂದ್ರ! ಅವನೇ ಕೈ ಹಾಕಿದ, ದಾರ ತುರುಬಿಗೆ ಸಿಕ್ಕಿತು, ಎಳೆದ. ಬೂದು ಬಣ್ಣದ ಪ್ಲಾಸ್ಟಿಕ್ ಟ್ರೇ. ಅದರಲ್ಲಿ ಅವನ ಬೆಲ್ಟು, ಅವನ ಬೂಟು, ಬೂಟಿನ ತಳದಿಂದ ಉದುರಿದ ಸಂಡೂರಿನ ಕೆಂಪು ಮಣ್ಣು, ಆ ಮಣ್ಣಿನ ಮೇಲೆ ಕರಡಿಗೆ, ಶಿವದಾರಕ್ಕೆ ಸುತ್ತಿಕೊಂಡ ಒಂದು ಬಿಳಿ ಕೂದಲು. ಟ್ರೇ ತಪಾಸಣೆ ಯಂತ್ರದ ಪರದೆಯೊಳಗೆ ಹೋಯಿತು.

ಹಂಪಮ್ಮಾ, ಕೊಟ್ರಯ್ಯನವರ ದನಿ, ನಿಧಾನದ ದನಿ, ಪರದೇಶದವ್ರಿಗೆ ಏನ್ ಗೊತ್ತವ್ವ, ಬಲವಂತದಾಗ ಆಗಿದ್ದಕ್ಕ ದೋಷಿಲ್ಲ, ನೀ ಬಂದ ವಾರನಽ ನಾ ಲಿಂಗ ತೊಳದು ವಿಭೂತಿ ಹಚ್ಚಿ ಕೊಟ್ಟೇನಿ, ಮತ್ಯಾಕ ಉಪಾಸ? ಶಂಭುಲಿಂಗನೇ ಉತ್ತರ ಕೊಡುತ್ತಾನೆ. ಚೀನಾದಿಂದ ಬಂದಾಗಿಂದ ಹಿಂಗಽ ಅಯ್ಯನೋರೇ, ಆ ಸೂಳೇಮಕ್ಕಳು ಮುಟ್ಟಿದಾಗಿಂದ ಅನ್ನ ಬಿಟ್ಟಾಳ. ಚೀನಾದಿಂದ ಬಂದಾಗಿಂದ. ಎಲ್ಲರೂ ಹಾಗೇ ಅನ್ನುತ್ತಾರೆ, ಡಾಕ್ಟರಿಗೆ ತ್ರಿವೇಣಿಯೂ ಹಾಗೇ ಹೇಳಿದ್ದಾಳೆ, ಹುಗ್ಗಿ ತಳ ಹಿಡಿಯುತ್ತದೆ, ಒಲೆ ಸಣ್ಣ ಮಾಡಬೇಕು — ಯಾವಾಗ ಅಷ್ಟು ಹೇಳು, ಅಂತಾನೆ ಅಪ್ಪ — ಮುಟ್ಟಿದಾಗಿನಿಂದಲೇ? ಆದರೆ ಆ ರಾತ್ರಿ ತಿಯಾಂಜಿನ್‌ನಲ್ಲಿ, ಸ್ಫೂರ್ತಿ ಬೂಟೂ ಬಿಚ್ಚದೆ ಮಲಗಿಬಿಟ್ಟಿದ್ದಳು, ಅತ್ತೆ ದಾರಿಯುದ್ದಕ್ಕೂ ಮುಷ್ಟಿಯಲ್ಲಿ ಹಿಡಿದ ಕರಡಿಗೆಯನ್ನು ಬಿಚ್ಚಿ, ಬಾಟಲಿ ನೀರಿನಿಂದ ಲಿಂಗ ತೊಳೆದು, ಅಂಗೈಯಲ್ಲಿಟ್ಟು ಬಹಳ ಹೊತ್ತು ಕುಂತಳು, ಆಮೇಲೆ ಎದೆಗೆ ಕಟ್ಟಿಕೊಂಡು, ಲಿಂಗಪ್ಪ ನನಗಿಂತ ಗಟ್ಟಿ ಅದಾನ, ಅವಗೇನೂ ಆಗಿಲ್ಲವ್ವ, ಅಂದಳು. ಉಂಡಳು! ರೊಟ್ಟಿ ಮುರಿದು ಉಂಡಳು, ಇನ್ನೊಂದು ಹಾಕು ತ್ರಿವೇಣಿ ಅಂತ ಕೇಳಿ ಹಾಕಿಸಿಕೊಂಡಳು, ಮರುದಿನವೂ ಉಂಡಳು, ಬರುವ ತನಕ ಉಂಡಳು. ಹಾಗಾದರೆ ಬಿಟ್ಟದ್ದು ಎಂದು? ಫ್ಲೆಕ್ಸಿನ ದಿನ. ಸಂಜೆ, ಇದೇ ಪಡಸಾಲೆ, ನಾಗಭೂಷಣ ತಾಟಿನ ಮುಂದೆ ಕುಂತು ಕೇಳಿದ, ಚಿಗವ್ವಾ, ಚೀನಾದಾಗ ಏನೇನ್ ನೋಡಿದ್ರಿ, ಹೇಳ್ರಿ ಮತ್ತ. ಅತ್ತೆ ಬಾಯಿ ತೆರೆದಳು, ಏನ್ ಹೇಳ್ಲೆಪ್ಪ, ನನ್ನ ಲಿಂಗಪ್ಪ ಅಂತ ಶುರುಮಾಡಿದಳು, ಮಗ ನಡುವೆ ಬಾಯಿ ಹಾಕಿದ. ಅದೇನಾತಂದ್ರ ನಾಗಣ್ಣ, ಅಲ್ಲೊಬ್ಬ ಪೊಲೀಸ್ ಕಿತ್ಕೊಂಡ ನೋಡು! ಕರಡಿಗೆ ತೆಗೆದ ಹಾಗೆ ತಾಯಿಯ ಬಾಯಿಂದ ಮಾತೂ ತೆಗೆದ. ಅತ್ತೆ ಮಗನನ್ನು ನೋಡಿದಳು. ತಾಟು ಬೋರಲು ಹಾಕಿದಳು. ಅಯ್ಯೋ, ನನ್ನ ಕಣ್ಣಿಗೆ ಏನಾಗಿತ್ತು, ಲಿಂಗಕ್ಕಲ್ಲ ಈ ಉಪವಾಸ.

ಹುಗ್ಗಿಯ ಪಾತ್ರೆಗೆ ಅರಿವೆ ಸುತ್ತಿ ಎತ್ತಿದಳು, ಕೈ ಸುಡುತ್ತಿದೆ, ಸುಡಲಿ, ಪಡಸಾಲೆಗೆ ಬಂದರೆ ಅವನು ಬೆರಳು ಚಾಚಿ ತೋರಿಸುತ್ತಿದ್ದಾನೆ, ಇಷ್ಟುದ್ದ ಗನ್ ಅಯ್ಯನೋರೇ, ನೇರ ಅವ್ವನ ಎದಿಗೆ. ಗನ್ನು! ಗನ್ ಇರ್ಲಿಲ್ಲರೀ ಅಯ್ಯನೋರೇ. ಯಾರ ದನಿ ಇದು, ತನ್ನದೇ, ಸಣ್ಣಗಿದೆ ಆದರೆ ನಡುಗುತ್ತಿಲ್ಲ. ಪೊಲೀಸರೂ ಇರ್ಲಿಲ್ಲ. ಒಬ್ಬಾಕಿ ಹೆಣ್ಮಗಳಿದ್ಲು, ಆಕಿ ಕೈ ಸೈತ ಹಚ್ಚಲಿಲ್ಲ, ನಿಲ್ರಿ ಅಂದ್ಲು. ತಗದಾರು ಇವರು. ಏ, ನಿನಗೇನ್ ತಿಳೀತತಿ, ಒಳಗ ನಡಿ. ತಮ್ಮ ಬೂಟಿನ ಬಾಜೂಕ ಇಟ್ರು. ನಡಿ ಅಂದೆ ನಾ! ಕೊಟ್ರಯ್ಯನವರು ಅವನ ಕಡೆ ನೋಡಲಿಲ್ಲ, ಹಂಪಮ್ಮನ ಕಡೆ ತಿರುಗಿದರು. ಹೌದೇನವ್ವಾ? ಮತ್ತ ನೀ ಯಾಕ ಬಾಯಿ ಬಿಡ್ಲಿಲ್ಲ? ಹಂಪಮ್ಮ ಬಳೆಯನ್ನು ಮುಂಗೈಗೆ ಸರಿಸಿಕೊಂಡಳು. ನಾ ಹೇಳಿದ್ರ ಹೆತ್ತಾಕಿ ಚಾಡಿ ಹೇಳಿದಂಗ ಆಕ್ಕಿತ್ತರೀ ಅಯ್ಯನೋರೇ. ಅವನಽ ಹೇಳ್ಯಾನು ಅಂತ ಕುಂತಿದ್ದೆ. ಈಗ ಹೇಳುತ್ತಾನೆ, ಹೇಳಲಿ, ಒಂದು ಹೌದು, ಹೌದವ್ವ ತಪ್ಪಾತು, ಎಷ್ಟು ಹೊತ್ತು ಬೇಕು ಅಷ್ಟಕ್ಕೆ, ಹೊರಗೆ ಲಾರಿ, ಕಿಟಕಿ ಗಾಜು ಅದುರುತ್ತದೆ, ಅವನ ಕಣ್ಣು ಬಾಗಿಲಿನ ಕಡೆ, ಬಾಗಿಲಾಚೆ ಬೂಟು, ಬೂದು ಟ್ರೇ, ಕೆಂಪು ಮಣ್ಣು, ಕರಡಿಗೆ, ಬಿಳಿ ಕೂದಲು, ಟ್ರೇ, ಮಣ್ಣು, ಬಿಳಿ ಕೂದಲು —

ಶಂಭುಲಿಂಗ ಎದ್ದು ಬೂಟು ಮೆಟ್ಟಿಕೊಂಡು ಹೋದ. ಹಂಪಮ್ಮ ತಾಟು ತಿರುವಿ, ಸೆರಗಿನಿಂದ ಧೂಳು ಒರೆಸಿ, ನೀನರ ಹೇಳಿದ್ಯಲ್ಲ, ಹಾಕು ತ್ರಿವೇಣಿ, ಅಂದಳು. ಅಯ್ಯನವರು ಮೊದಲ ತುತ್ತು ತೆಗೆದುಕೊಂಡ ಮೇಲೆ ಉಂಡಳು.